ಟ್ರೇಲರ್ ಸರಪಳಿಯನ್ನು ಹುಕ್ ಪಿನ್ನಿಗೇ ಸಿಕ್ಕಿಸಬೇಡಿ

ಮಾನ್ಯ ಸಂಪಾದಕರೇ,

ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಮುಧೋಳ, ಜಮಖಂಡಿ, ಗೋಕಾಕ ಭಾಗದ ರಸ್ತೆಗಳಲ್ಲಿ ಒಂದೊಂದು ಟ್ರ್ಯಾಕ್ಟರ್ ಎರಡೆರಡು ಟ್ರೇಲರ್‌ಗಳನ್ನು ಎಳೆದುಕೊಂಡು ಹಗಲಿರುಳು ಓಡಾಡುತ್ತದೆ. ಹಲವು ಟನ್ ತೂಗುವ ಆ ಹೊರೆಯನ್ನು ಹಿಡಿದಿರುವುದು ಒಂದು ಹುಕ್ ಪಿನ್ನು. ಆ ಪಿನ್ನು ಮೇಲೆ ಜಿಗಿಯದಂತೆ ತಡೆಯುವುದು ಅದರ ತುದಿಯ ಚಿಕ್ಕ ಕ್ಲಿಪ್ಪು. ಕ್ಲಿಪ್ಪು ಕಳೆದಾಗ ಮೊಳೆಯನ್ನೋ ತಂತಿಯನ್ನೋ ಸಿಕ್ಕಿಸಿ ಗಾಡಿ ಬಿಡುವುದು ನಮ್ಮಲ್ಲಿ ರೂಢಿಯಾಗಿದೆ.

ಕಳೆದ ಹಂಗಾಮಿನಲ್ಲಿ ನಮ್ಮೂರ ಇಳಿಜಾರಿನಲ್ಲಿ ಹಿಂದಿನ ಟ್ರೇಲರ್ ಕಳಚಿಕೊಂಡು, ರಸ್ತೆಗೆ ಅಡ್ಡ ಹಾಯ್ದು ಹೊಲದಲ್ಲಿ ಮಗುಚಿದ್ದನ್ನು ನಾನು ಕಣ್ಣಾರೆ ಕಂಡೆ. ಎದುರಿಗೆ ಯಾರೂ ಬರುತ್ತಿರಲಿಲ್ಲವಾದ್ದರಿಂದ ಜೀವಹಾನಿ ಆಗಲಿಲ್ಲ. ಆ ಟ್ರೇಲರ್‌ಗೆ ಸರಪಳಿ ಇತ್ತು, ಆದರೆ ಅದರ ಕೊಕ್ಕೆಯನ್ನು ಅದೇ ಹುಕ್ ಪಿನ್ನಿಗೆ ಸಿಕ್ಕಿಸಲಾಗಿತ್ತು. ಪಿನ್ನು ಎದ್ದೊಡನೆ ಸರಪಳಿಯೂ ಕಳಚಿತು.

ಪಿನ್ನು ಕೈಕೊಟ್ಟಾಗ ಟ್ರೇಲರನ್ನು ಹಿಡಿಯಬೇಕಾದ ಸರಪಳಿಗೆ ಪಿನ್ನಿನಿಂದ ಬೇರೆಯಾದ ಆಧಾರ ಬೇಕೇ ಬೇಕು. ಟ್ರ್ಯಾಕ್ಟರ್‌ನ ಚಾಸಿಗೆ ಬಿಗಿದ ಗಟ್ಟಿ ಬ್ರಾಕೆಟ್ಟಿನಲ್ಲಿ ಸರಪಳಿಗೆಂದೇ ಬಳೆಗಳನ್ನು ಬೆಸುಗೆ ಹಾಕಿಸಿ, ಎರಡು ಸರಪಳಿಗಳನ್ನು ಟ್ರೇಲರ್‌ನ ಎಳೆಯುವ ದಂಡದ ಅಡಿಯಲ್ಲಿ ಒಂದಕ್ಕೊಂದು ಅಡ್ಡವಾಗಿ, ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಕಟ್ಟಿದರೆ, ಪಿನ್ನು ಹೋದರೂ ದಂಡವು ನೆಲಕ್ಕೆ ಕುಕ್ಕದೆ ಆ ತೊಟ್ಟಿಲಿನಂಥ ಜಾಗದಲ್ಲಿ ಕೂರುತ್ತದೆ. ಪ್ರತಿ ಸರಪಳಿಯೂ ಒಂಟಿಯಾಗಿಯೇ ತುಂಬಿದ ಟ್ರೇಲರ್‌ನ ಭಾರ ತಡೆಯುವಷ್ಟು ಗಟ್ಟಿ ಇರಬೇಕು. ದನ ಕಟ್ಟುವ ಸರಪಳಿ ಈ ಕೆಲಸಕ್ಕೆ ಸಲ್ಲದು. ಕೊಕ್ಕೆಗೆ ಸ್ಪ್ರಿಂಗ್ ಬಾಗಿಲು ಇದ್ದರೆ ಗುಂಡಿಯಲ್ಲಿ ಕುಲುಕಿದರೂ ಅದು ಕಳಚುವುದಿಲ್ಲ.

ಉದ್ದದ ವಿಷಯದಲ್ಲೇ ಹೆಚ್ಚು ತಪ್ಪಾಗುತ್ತದೆ. ಬಿಗಿಯಾದರೆ ತಿರುವಿನಲ್ಲಿ ಸರಪಳಿ ಹರಿಯುತ್ತದೆ, ಸಡಿಲವಾದರೆ ನೆಲಕ್ಕೆ ಉಜ್ಜಿ ಸವೆಯುತ್ತದೆ. ಕಬ್ಬು ತುಂಬುವ ಮೊದಲು ಹೊಲದ ಬದಿಯಲ್ಲೇ ಟ್ರ್ಯಾಕ್ಟರನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿದರೆ ಎಷ್ಟು ಸಡಿಲ ಬೇಕೆಂಬುದು ಗೊತ್ತಾಗುತ್ತದೆ. ಉದ್ದ ಹೆಚ್ಚಾಯಿತೆಂದು ಸರಪಳಿಯನ್ನು ತಿರುಚಿ ಗಿಡ್ಡ ಮಾಡಬಾರದು.

ನನ್ನ ಹೆಚ್ಚಿನ ಆತಂಕ ಎರಡನೆಯ ಟ್ರೇಲರ್‌ನದು. ಕಬ್ಬಿನ ಎತ್ತರದ ಹೊರೆಯ ಹಿಂದೆ ಅದು ಚಾಲಕನ ಕಣ್ಣಿಗೆ ಬೀಳುವುದಿಲ್ಲ. ಎಂಜಿನ್ ಮತ್ತು ಧ್ವನಿವರ್ಧಕದ ಸದ್ದಿನಲ್ಲಿ ಅದು ಕಳಚಿದ್ದೂ ಅವನಿಗೆ ಕೇಳುವುದಿಲ್ಲ. ಮೊದಲ ಟ್ರೇಲರ್‌ಗೆ ಸರಪಳಿ ಹಾಕುವವರೂ ಎರಡು ಟ್ರೇಲರ್‌ಗಳ ನಡುವಿನ ಜೋಡಣೆಯನ್ನು ಹಾಗೆಯೇ ಬಿಡುತ್ತಾರೆ.

ಹಂಗಾಮಿನಲ್ಲಿ ಪೊಲೀಸರೂ ಕಾರ್ಖಾನೆಯವರೂ ಟ್ರೇಲರ್‌ಗಳಿಗೆ ರಿಫ್ಲೆಕ್ಟರ್ ಅಂಟಿಸುವ ಒಳ್ಳೆಯ ಕೆಲಸ ಮಾಡುತ್ತಿದ್ದಾರೆ. ಅದೇ ಹೊತ್ತಿಗೆ ಬಗ್ಗಿ ಸರಪಳಿ, ಕೊಕ್ಕೆ, ಪಿನ್ನಿನ ಕ್ಲಿಪ್ಪುಗಳನ್ನೂ ನೋಡಲಿ. ಕಾರ್ಖಾನೆಯಲ್ಲಿ ಖಾಲಿ ಟ್ರೇಲರ್‌ನ ತೂಕ ಮಾಡುವಾಗ ಎರಡೂ ಜೋಡಣೆಗಳನ್ನು ಪರೀಕ್ಷಿಸಿ, ಸರಿ ಇಲ್ಲದ ಗಾಡಿಯನ್ನು ದುರಸ್ತಿಯಾಗುವವರೆಗೆ ಹೊಲಕ್ಕೆ ಮರಳಿ ಕಳಿಸದಿರುವ ವ್ಯವಸ್ಥೆಯನ್ನು ಈ ಹಂಗಾಮಿನಿಂದಲೇ ಜಾರಿಗೆ ತರಬೇಕೆಂದು ಸಂಬಂಧಪಟ್ಟವರನ್ನು ಕೋರುತ್ತೇನೆ.

— ಒಬ್ಬ ಕಬ್ಬು ಬೆಳೆಗಾರ, ಮುಧೋಳ ತಾಲ್ಲೂಕು