ಯಕ್ಷಗಾನದ ಡಿವಿಡಿಗಳನ್ನು ಎಂಪಿ4 ಮಾಡಿಸುವ ಮೊದಲು

ಮಾನ್ಯ ಸಂಪಾದಕರಿಗೆ,

ಕರಾವಳಿಯ ಮನೆಗಳಲ್ಲಿ, ಸಂಘಗಳ ಕಪಾಟುಗಳಲ್ಲಿ ಆಟ (ಯಕ್ಷಗಾನ ಪ್ರದರ್ಶನ), ತಾಳಮದ್ದಲೆ, ಕೋಲ, ತುಳು ನಾಟಕಗಳ ವಿಸಿಡಿ, ಡಿವಿಡಿಗಳು ರಾಶಿ ಬಿದ್ದಿವೆ. ಅವನ್ನು ಪೆನ್‌ಡ್ರೈವ್‌ಗೆ ಹಾಕಿಸಿ, ಡಿಸ್ಕನ್ನು ಗುಜರಿಗೆ ಕೊಡುವುದು ಈಗ ಉಡುಪಿ, ಮಂಗಳೂರು ಎರಡೂ ಕಡೆ ರೂಢಿಯಾಗಿದೆ. ಪ್ರತಿ ತೆಗೆಯುವುದು ಬೇಕಾದ ಕೆಲಸವೇ. ಆದರೆ ಅವಸರದಲ್ಲಿ ಮಾಡಿದ ಎಂಪಿ4 ಮೂಲ ಡಿಸ್ಕಿಗೆ ಸಮನಲ್ಲ. ಅದರಲ್ಲಿ ಕುಣಿತದ ಅರ್ಧ ಚಲನೆ ಹೋಗಿರುತ್ತದೆ, ಮೆನು, ಅಧ್ಯಾಯ, ಸಬ್‌ಟೈಟಲ್ ಎಲ್ಲ ಹೋಗಿರುತ್ತವೆ. ಡಿಸ್ಕ್ ಎಸೆದ ಮೇಲೆ ಅವನ್ನು ಮತ್ತೆ ಪಡೆಯಲು ದಾರಿಯಿಲ್ಲ.

ಮೊದಲು ಚಲನೆಯ ಮಾತು. ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ಎಂಬ ಟಿವಿ ಮಾನಕದ ಡಿವಿಡಿಯ ಚಿತ್ರ 720×576 ಗಾತ್ರದ್ದು, ಸೆಕೆಂಡಿಗೆ 25 ಫ್ರೇಮ್. ವಿಡಿಯೊ ಕ್ಯಾಮೆರಾದಲ್ಲಿ ತೆಗೆದ ದೃಶ್ಯವಾದರೆ ಪ್ರತಿ ಫ್ರೇಮಿನಲ್ಲೂ ಎರಡು ಫೀಲ್ಡ್‌ಗಳಿರುತ್ತವೆ: ಬೆಸ ಗೆರೆಗಳದ್ದೊಂದು, ಸಮ ಗೆರೆಗಳದ್ದೊಂದು. ಇವೆರಡೂ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಅಂತರದಲ್ಲಿ ಸೆರೆಯಾದವು. ಅಂದರೆ ಸೆಕೆಂಡಿಗೆ 50 ಕ್ಷಣಗಳ ಚಲನೆ ಡಿಸ್ಕಿನಲ್ಲಿದೆ. ತೆಂಕುತಿಟ್ಟಿನ ದಿಗಿಣ (ಸುತ್ತುತ್ತಾ ಜಿಗಿಯುವ ಕುಣಿತ), ಬಡಗುತಿಟ್ಟಿನ ಮಂಡಿ ಕುಣಿತದಂಥ ವೇಗದ ಕಡೆಗಳಲ್ಲಿ ಈ ಐವತ್ತೂ ಬೇಕು. ಅಗ್ಗದ ಕನ್ವರ್ಟರುಗಳು ಒಂದು ಫೀಲ್ಡನ್ನು ಎಸೆದುಬಿಡುತ್ತವೆ, ಇಲ್ಲವೇ ಎರಡನ್ನೂ ಒಂದರ ಮೇಲೊಂದು ಅಂಟಿಸಿ ಬಾಚಣಿಗೆಯ ಹಲ್ಲಿನಂಥ ಗೆರೆಗಳನ್ನು ಶಾಶ್ವತ ಮಾಡುತ್ತವೆ.

ಸರಿಯಾದ ಕ್ರಮ ಹೀಗೆ. ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಡಿಇಂಟರ್‌ಲೇಸ್ ಎಂಬಲ್ಲಿ ಬಿಡಬ್ಲ್ಯುಡಿಫ್ ಆಯ್ದು ಅದರೊಳಗೆ ಬಾಬ್ ಹಾಕಿ, ಆಗ ಪ್ರತಿ ಫೀಲ್ಡೂ ಒಂದು ಪೂರ್ಣ ಫ್ರೇಮಾಗುತ್ತದೆ. ಫ್ರೇಮ್‌ರೇಟ್ 50 ಎಂದು ನಿಗದಿ ಮಾಡಿ, ಗುಣಮಟ್ಟ ಆರ್‌ಎಫ್ 18ರ ಸುಮಾರು ಇಡಿ. ಫೀಲ್ಡುಗಳ ಸರದಿಯನ್ನೂ ನೋಡಿಕೊಳ್ಳಬೇಕು. ಹಳೆಯ ಡಿವಿ ಟೇಪಿನ ಕ್ಯಾಮೆರಾದಿಂದ ಬಂದದ್ದರಲ್ಲಿ ಕೆಳಗಿನ ಫೀಲ್ಡ್ ಮೊದಲು, ಎಚ್‌ಡಿ ಕ್ಯಾಮೆರಾದ್ದರಲ್ಲಿ ಮೇಲಿನದು ಮೊದಲು. ಇದು ತಪ್ಪಿದರೆ ವೇಷಧಾರಿ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ನಡುಗಿದಂತೆ ಕಾಣುತ್ತಾನೆ. ಗಿರಕಿ ಹೊಡೆಯುವ ಒಂದು ತುಣುಕನ್ನು ಫ್ರೇಮ್ ಫ್ರೇಮಾಗಿ ಸರಿಸಿ ನೋಡಿದರೆ ಕೂಡಲೇ ಗೊತ್ತಾಗುತ್ತದೆ. ವಿಸಿಡಿಗೆ ಈ ರಗಳೆಯಿಲ್ಲ, ಅದರ 352×288 ಚಿತ್ರದಲ್ಲಿ ಫೀಲ್ಡುಗಳೇ ಇಲ್ಲ.

ಎಚ್‌ಡಿ ಟಿವಿಗೆ ತುಂಬಿಸಬೇಕೆಂದು 4:3 ಚಿತ್ರವನ್ನು 16:9ಕ್ಕೆ ಎಳೆಯುವುದನ್ನು ದಯವಿಟ್ಟು ಬಿಡಿ. ಕಿರೀಟ ಅಗಲವಾಗಿ, ವೇಷ ಕುಳ್ಳಾಗಿ ಕಾಣುವುದು ಈ ಎಳೆತದಿಂದಲೇ. ಹಿಗ್ಗಿಸಲೇಬೇಕಾದರೆ 1440×1080ಕ್ಕೆ ಹಿಗ್ಗಿಸಿ, ಎರಡೂ ಬದಿ ಕಪ್ಪು ಪಟ್ಟಿ ಇರಲಿ. ಹಿಗ್ಗಿಸಿದ ಮಾತ್ರಕ್ಕೆ ಅದು ಎಚ್‌ಡಿ ಆಗುವುದೂ ಇಲ್ಲ. 4.7 ಜಿಬಿಯ ಒಂದು ಪದರದ ಡಿವಿಡಿಯಲ್ಲಿ ಸೆಕೆಂಡಿಗೆ 5 ಮೆಗಾಬಿಟ್‌ನಂತೆ ಎರಡು ಗಂಟೆ ಹಿಡಿಯುತ್ತದೆ. ಅದೇ ಡಿಸ್ಕಿಗೆ ನಾಲ್ಕು ಗಂಟೆಯ ಆಟ ತುರುಕಿದ್ದರೆ ದರ ಅರ್ಧಕ್ಕಿಳಿದು, ವೇಗದ ಕುಣಿತ ಬಂದಲ್ಲೆಲ್ಲ ಚಿತ್ರ ಚೌಕ ಚೌಕವಾಗಿ ಒಡೆದಿರುತ್ತದೆ. ಅದನ್ನು ಯಾವ ತಂತ್ರಾಂಶವೂ ಮರಳಿ ಕೊಡಲಾರದು.

ಇನ್ನು ಜನ ಗಮನಿಸದೇ ಕಳೆದುಕೊಳ್ಳುತ್ತಿರುವ ಭಾಗ. ಡಿವಿಡಿ ಬರೀ ವಿಡಿಯೊ ಅಲ್ಲ. ಒಂದು ಶೀರ್ಷಿಕೆಗೆ 99 ಅಧ್ಯಾಯ, 8 ಧ್ವನಿಪಥ, 32 ಸಬ್‌ಟೈಟಲ್, 9 ಕ್ಯಾಮೆರಾ ಕೋನಗಳವರೆಗೆ ಅದರಲ್ಲಿ ಅವಕಾಶವಿದೆ. ಪಾತ್ರಗಳು ರಂಗಕ್ಕೆ ಬರುವ ಒಡ್ಡೋಲಗಕ್ಕೆ ನೇರ ಹೋಗುವ ಬಟನ್, ಪದ್ಯಗಳ ಸಾಹಿತ್ಯ, ಭಾಗವತರ ಮೇಲೆಯೇ ನಿಂತ ಎರಡನೇ ಕ್ಯಾಮೆರಾ, ಇವೆಲ್ಲ ಯಕ್ಷಗಾನ ಕಲಿಯುವವರಿಗೆ ಎಷ್ಟು ಉಪಯೋಗದ್ದೆಂದು ಹೇಳಬೇಕಿಲ್ಲ. ಪರಿವರ್ತನೆ ಮಾಡುವ ತಂತ್ರಾಂಶ ಸಾಮಾನ್ಯವಾಗಿ ಮೊದಲ ಕೋನ, ಮೊದಲ ಧ್ವನಿಯನ್ನು ಮಾತ್ರ ಎತ್ತಿಕೊಳ್ಳುತ್ತದೆ. ವಿಡಿಯೊ_ಟಿಎಸ್ ಫೋಲ್ಡರಿನ ವಿಒಬಿ ಕಡತಗಳನ್ನು ಬಿಡಿಬಿಡಿಯಾಗಿ ಬದಲಿಸುವುದಂತೂ ಇನ್ನೂ ಕೆಟ್ಟದ್ದು. ಅವು 1 ಜಿಬಿಗೊಂದರಂತೆ ಕತ್ತರಿಸಿದ ಒಂದೇ ಪ್ರವಾಹದ ತುಂಡುಗಳು, ಕತ್ತರಿಸಿದ ಜಾಗದಲ್ಲಿ ಪದ್ಯ ನಡುವೆಯೇ ಹಾರುತ್ತದೆ, ಚೆಂಡೆಗೂ ಹೆಜ್ಜೆಗೂ ಹೊಂದಿಕೆ ತಪ್ಪುತ್ತದೆ.

ಆದ್ದರಿಂದ ಮೊದಲ ಪ್ರತಿ ಯಾವಾಗಲೂ ಇಡೀ ಡಿಸ್ಕಿನ ಐಎಸ್‌ಒ (ಡಿಸ್ಕಿನಲ್ಲಿದ್ದುದೆಲ್ಲ ಇದ್ದಂತೆಯೇ ಇರುವ ಒಂದೇ ಕಡತ) ಆಗಿರಲಿ. ವಿಎಲ್‌ಸಿ ಪ್ಲೇಯರ್ ತಂತ್ರಾಂಶದಲ್ಲಿ ಅದು ಮೆನು ಸಹಿತ ಓಡುತ್ತದೆ. ಅದರಿಂದ ಮೇಕ್‌ಎಂಕೆವಿ ತಂತ್ರಾಂಶದ ಮೂಲಕ ಎಂಕೆವಿ ವಿಡಿಯೊ ಕಡತ ತೆಗೆದರೆ ಮೆನು ಹೋದರೂ ಅಧ್ಯಾಯ, ಸಬ್‌ಟೈಟಲ್, ಎಲ್ಲ ಧ್ವನಿಪಥಗಳು ಉಳಿಯುತ್ತವೆ, ಚಿತ್ರ ಮರುಸಂಕುಚನವಾಗುವುದಿಲ್ಲ. ಟಿವಿಗೆ, ಫೋನಿಗೆ ಬೇಕಾದ ಎಂಪಿ4 ಮೂರನೆಯದು. ವಿಸಿಡಿಗೆ ಮಾತ್ರ ಐಎಸ್‌ಒ ನಡೆಯದು. ಅದರ ಒಂದೊಂದು ವಿಡಿಯೊ ಸೆಕ್ಟರಿನಲ್ಲಿ (ಡಿಸ್ಕಿನ ದತ್ತಾಂಶದ ಒಂದು ತುಂಡಿನಲ್ಲಿ) 2324 ಬೈಟ್ ದತ್ತಾಂಶವಿರುತ್ತದೆ, ಐಎಸ್‌ಒ 2048ಕ್ಕೆ ಕತ್ತರಿಸುತ್ತದೆ. ವಿಸಿಡಿಯನ್ನು 2352 ಬೈಟಿನ ಪೂರ್ಣ ಸೆಕ್ಟರಿನೊಂದಿಗೆ ಬಿನ್-ಕ್ಯೂ ಎಂಬ ಜೋಡಿ ಕಡತಗಳ ರೂಪದಲ್ಲೇ ತೆಗೆಯಬೇಕು.

ನಮ್ಮ ಮಳೆಗಾಲ ಡಿಸ್ಕಿನ ದೊಡ್ಡ ಶತ್ರು. ಬೂಸ್ಟು ಹಿಡಿದಿದ್ದರೆ ಡಿಸ್ಟಿಲ್ಡ್ ವಾಟರಿನಲ್ಲಿ ಒದ್ದೆ ಮಾಡಿದ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಲೂ ಉಜ್ಜಬೇಡಿ. ಅಡ್ಡ ಬಿದ್ದ ಗೀರು ಪ್ರತಿ ಸುತ್ತಿನಲ್ಲೂ ಸ್ವಲ್ಪವೇ ಕೆಡಿಸುವುದರಿಂದ ದೋಷ ತಿದ್ದುವ ಸಂಕೇತ ಅದನ್ನು ತುಂಬಿಕೊಡುತ್ತದೆ. ಸುತ್ತಿನ ಗುಂಟ ಬಿದ್ದ ಗೀರು ಉದ್ದಕ್ಕೂ ದತ್ತಾಂಶವನ್ನೇ ನುಂಗುತ್ತದೆ. ಥಿನ್ನರ್, ಪೆಟ್ರೋಲ್ ಮುಟ್ಟಿಸಬೇಡಿ. ವಿಸಿಡಿಯಲ್ಲಿ ಹೆಸರು ಬರೆದ ಬದಿಯೇ ಹೆಚ್ಚು ಸೂಕ್ಷ್ಮ, ದತ್ತಾಂಶದ ಪದರ ಅಲ್ಲಿನ ತೆಳು ಲೇಪದ ಕೆಳಗೇ ಇದೆ. ಡಿವಿಡಿಯಲ್ಲಾದರೆ ಅದು 0.6 ಮಿ.ಮೀ. ದಪ್ಪದ ಎರಡು ಫಲಕಗಳ ನಡುವೆ ಭದ್ರವಾಗಿರುತ್ತದೆ. ಕಾಗದದ ಲೇಬಲನ್ನು ಕಿತ್ತು ತೆಗೆಯಲು ಹೋಗಿ ವಿಸಿಡಿಯ ಹೊಳಪಿನ ಪದರವನ್ನೇ ಎಬ್ಬಿಸಿದವರು ಇದ್ದಾರೆ. ಅಂಟಿದ್ದರೆ ಅಂಟಿದ್ದಂತೆಯೇ ಇರಲಿ.

ಡ್ರೈವ್ ಒಂದೇ ಜಾಗದಲ್ಲಿ ಗೊರಗೊರ ಎಂದು ನಿಂತರೆ ಸಾಮಾನ್ಯ ಕಾಪಿಯನ್ನು ನಿಲ್ಲಿಸಿ. ಡಿವಿಡಿಗಾದರೆ ಕೆಟ್ಟ ಡಿಸ್ಕಿನಿಂದ ದತ್ತಾಂಶ ಎತ್ತುವ ಡಿಡಿರೆಸ್ಕ್ಯೂ ತಂತ್ರಾಂಶಕ್ಕೆ 2048 ಬೈಟಿನ ಸೆಕ್ಟರ್ ಎಂದು ತಿಳಿಸಿ, ಮೊದಲ ಸುತ್ತಿನಲ್ಲಿ ಸುಲಭವಾಗಿ ಬರುವುದನ್ನೆಲ್ಲ ತೆಗೆದು, ಎರಡನೇ ಸುತ್ತಿನಲ್ಲಿ ಉಳಿದ ಸೆಕ್ಟರುಗಳಿಗೆ ಮೂರು ಸಲ ಪ್ರಯತ್ನಿಸಿ. ಯಾವುದು ಬಂತು, ಯಾವುದು ಬಾಕಿ ಎಂದು ಗುರುತಿಡುವ ಮ್ಯಾಪ್ ಕಡತ ಉಳಿಸಿಕೊಂಡರೆ ಬೇರೆ ಡ್ರೈವಿನಲ್ಲಿ ಅಲ್ಲಿಂದಲೇ ಮುಂದುವರಿಸಬಹುದು. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದು ಸಾಮಾನ್ಯ. ಕ್ಯಾಮೆರಾದ 8 ಸೆಂ.ಮೀ. ಪುಟ್ಟ ಡಿಸ್ಕ್ ಎಲ್ಲೂ ಓಡದಿದ್ದರೆ ಅದು ಕೆಟ್ಟಿದೆ ಎಂದುಕೊಳ್ಳಬೇಡಿ. ಬೇರೆ ಪ್ಲೇಯರಿನಲ್ಲೂ ಓಡುವಂತೆ ಡಿಸ್ಕನ್ನು ಮುಗಿಸುವ ‘ಫೈನಲೈಸ್’ ಮಾಡದೇ ಬಿಟ್ಟಿರುವ ಸಂಭವವೇ ಹೆಚ್ಚು, ಅದೇ ಕ್ಯಾಮೆರಾ ಇದ್ದರೆ ಅದರಲ್ಲೇ ಆ ಕೆಲಸ ಮುಗಿಸಬಹುದು.

ಬ್ಲೂ-ರೇಗೆ ಬರೆದಿಟ್ಟರಾಯಿತು ಎನ್ನುವವರಿಗೆ ಒಂದು ಮಾತು. 25 ಜಿಬಿ, 50 ಜಿಬಿಯ ಆ ಡಿಸ್ಕ್ ತಾಂತ್ರಿಕವಾಗಿ ಉತ್ತಮವೇ, ಓಡುತ್ತಿರುವ ಚಿತ್ರದ ಮೇಲೆಯೇ ಮೆನು ತೆರೆಯುವ, ನೋಡುಗರ ಆಯ್ಕೆಗೆ ಸ್ಪಂದಿಸುವ ಪ್ರೋಗ್ರಾಂಗಳನ್ನು ಜಾವಾ ಭಾಷೆಯಲ್ಲಿ ಬರೆಯುವ ಸೌಲಭ್ಯ ಅದಕ್ಕಿದೆ. ಆದರೆ ಅದರ ಎದುರಾಳಿ ಎಚ್‌ಡಿ ಡಿವಿಡಿಯನ್ನು ತೋಷಿಬಾ 2008ರ ಫೆಬ್ರವರಿಯಲ್ಲಿ ಕೈಬಿಟ್ಟಾಗ ಅದಕ್ಕೆಂದೇ ಬರೆದ ಮೆನುಗಳೂ ಅನಾಥವಾದವು. ಬರೆಯಬಹುದಾದ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿಯೂ 2025ರ ಫೆಬ್ರವರಿಯಲ್ಲಿ ನಿಲ್ಲಿಸಿದೆ. ಪ್ಲೇಯರನ್ನು ನಂಬಿದ ಮೆನು, ಪ್ರೋಗ್ರಾಂಗಳು ಪ್ಲೇಯರಿನ ಜೊತೆಗೇ ಹೋಗುತ್ತವೆ. ಪ್ರಸಂಗದ ಅಧ್ಯಾಯಗಳನ್ನು ಸಮಯದೊಂದಿಗೆ ಸಾದಾ ಪಠ್ಯ ಕಡತದಲ್ಲಿ, ಪದ್ಯಗಳನ್ನು ಎಸ್‌ಆರ್‌ಟಿ ಎಂಬ ಸಬ್‌ಟೈಟಲ್ ಕಡತದಲ್ಲಿ ಇಡುವುದೇ ನಮ್ಮ ಸಲಹೆ.

ಕನ್ನಡಕ್ಕೆ ಇಲ್ಲೊಂದು ತೊಡಕಿದೆ. ಡಿವಿಡಿಯ ಸಬ್‌ಟೈಟಲ್ ಅಕ್ಷರವಲ್ಲ, ಚಿತ್ರ. ಹಾಗಾಗಿ ಯಾವ ಫಾಂಟ್ ಬಳಸಿದ್ದರೂ ಸರಿಯಾಗಿ ಕಾಣುತ್ತದೆ. ಎಸ್‌ಆರ್‌ಟಿ ನಿಜವಾದ ಪಠ್ಯ, ಯೂನಿಕೋಡ್‌ನಲ್ಲೇ ಇರಬೇಕು. ನುಡಿ, ಬರಹದ ಹಳೆಯ ಆನ್ಸಿ ಫಾಂಟಿನ ಕಡತವನ್ನು ಹಾಗೆಯೇ ಹಾಕಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಯುಟಿಎಫ್-8ರಲ್ಲಿ ಉಳಿಸಿ. ಅಷ್ಟಾದರೂ ಕೆಲವು ಟಿವಿಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗುತ್ತದೆ, ಅಥವಾ ಬರೀ ಚೌಕಗಳು ಕಾಣುತ್ತವೆ. ಅಂಥಲ್ಲಿ ಸಾಹಿತ್ಯವನ್ನು ಚಿತ್ರದ ಮೇಲೇ ಅಚ್ಚೊತ್ತಿದ ಬೇರೊಂದು ಪ್ರತಿ ಮಾಡಿಕೊಡಬಹುದು.

ಮಾರಾಟದ ಡಿಸ್ಕುಗಳ ಹಕ್ಕು ಅವುಗಳ ಹಕ್ಕುದಾರರದ್ದು, ಕೇಳದೆ ಹಂಚುವಂತಿಲ್ಲ. ಸ್ವಂತ ದಾಖಲೆಗಳ ಪ್ರತಿಯನ್ನು ನಮ್ಮದೇ ಬಳಕೆಗೆ ತೆಗೆದಿಟ್ಟುಕೊಳ್ಳಲು ಆ ಅಡ್ಡಿಯಿಲ್ಲ. ಒಂದು ಪದರದ 200 ಡಿವಿಡಿಗಳ ಐಎಸ್‌ಒ ಒಂದು ಟಿಬಿಯ ಹಾರ್ಡ್‌ಡಿಸ್ಕಿನಲ್ಲಿ ಹಿಡಿಯುತ್ತವೆ. ಅಂಥವು ಎರಡಿರಲಿ, ಒಂದೇ ಮನೆಯಲ್ಲಿ ಬೇಡ. ಪ್ರತಿ ಕಡತದ ಎಸ್‌ಎಚ್‌ಎ-256 ಸಂಖ್ಯೆಯನ್ನು (ಕಡತ ಸ್ವಲ್ಪ ಕೆಟ್ಟರೂ ಬದಲಾಗುವ ಗುರುತು) ಬರೆದಿಟ್ಟು ವರ್ಷಕ್ಕೊಮ್ಮೆ, ಮಳೆಗಾಲ ಕಳೆದ ಮೇಲೆ, ತಾಳೆ ನೋಡಿ. ಹೊಸದಾಗಿ ಚಿತ್ರೀಕರಿಸುವ ಮೇಳಗಳು 1920×1080ರಲ್ಲಿ ಸೆಕೆಂಡಿಗೆ 50 ಪೂರ್ಣ ಫ್ರೇಮಿನಂತೆ ತೆಗೆಸಲಿ. ಭಾಗವತರ ಮೈಕಿನ ಧ್ವನಿಯನ್ನೂ ಚೆಂಡೆ, ಮದ್ದಳೆಯ ಧ್ವನಿಯನ್ನೂ ಬೇರೆ ಬೇರೆ ಪಥಗಳಲ್ಲಿ 48 ಕಿಲೋಹರ್ಟ್ಸ್‌ಗೆ ದಾಖಲಿಸಲಿ. ಚೆಂಡೆಯ ಪೆಟ್ಟಿಗೆ ಧ್ವನಿ ಮಟ್ಟ ಮೈನಸ್ 6 ಡೆಸಿಬಲ್ ದಾಟದಂತೆ ಆಟಕ್ಕೆ ಮೊದಲು ಚೆಂಡೆ, ಮದ್ದಳೆ ನುಡಿಸುವ ಪೀಠಿಕೆಯ ಹೊತ್ತಿನಲ್ಲೇ ಹೊಂದಿಸಿಕೊಳ್ಳಲಿ.

— ಕೆಲವು ವಿಡಿಯೊ ಸಂಕಲನಕಾರರು, ಉಡುಪಿ