ಬ್ಯಾನರ್ ಸಾಕು, ಬಾವಿ ನೀರು ನೋಡಿ

ಮಾನ್ಯ ಸಂಪಾದಕರೇ,

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆ ಅಂದರೆ ಸಾಕು, ನಮ್ಮ ಕರಾವಳಿಯ ಸರ್ಕಾರಿ ಪದವಿ ಕಾಲೇಜಿಗೆ ಊರಿನ ನೆನಪಾಗುತ್ತದೆ. ಗೋಡೆಗೆ ಸುಣ್ಣ, ಹಳೆ ವಿದ್ಯಾರ್ಥಿಗಳಿಗೆ ಫೋನು, ಪಾಲಕರಿಗೆ ಸಭೆ. ಊರಿನವರ ಜೊತೆ ಏನು ಕೆಲಸ ಮಾಡಿದ್ದೀರಿ ಅನ್ನುವುದಕ್ಕೂ ಅಂಕ ಇದೆಯಲ್ಲ! ಫೈಲಿಗೆ ಫೋಟೋ ಸೇರುತ್ತದೆ. ತಂಡ ಹೋದ ಮೇಲೆ ಊರು ಎಲ್ಲಿತ್ತೋ ಅಲ್ಲೇ.

ಕಳೆದ ವರ್ಷ ನಮ್ಮೂರ ಶಾಲೆಯಲ್ಲಿ ಏಳು ದಿನದ ಎನ್ನೆಸ್ಸೆಸ್ ಶಿಬಿರ ನಡೆಯಿತು. ಮಕ್ಕಳನ್ನು ದೂರುವಂತಿಲ್ಲ, ಮೈಮುರಿದು ದುಡಿದರು. ಶಾಲೆ ಸುತ್ತಲಿನ ಹುಲ್ಲು ಕಿತ್ತರು, ಗಟಾರ ಬಿಡಿಸಿದರು, ರಾತ್ರಿ ಚೆಂದಾಗಿ ಹಾಡಿದರು. ಪ್ರತಿ ಕೆಲಸಕ್ಕೂ ಮೊದಲು ಬ್ಯಾನರ್ ಹಿಡಿದು ಒಂದು ಫೋಟೋ. ಮಳೆ ಬಿದ್ದದ್ದೇ ಹುಲ್ಲು ಮತ್ತೆ ಸೊಂಟದೆತ್ತರ. ಈ ವರ್ಷದ ಶಿಬಿರ ಬೇರೆ ಊರಲ್ಲಿ.

ಆ ಶಿಬಿರದ ಹುಡುಗರಿಗೆ ನೀರು ಕೊಟ್ಟ ಅಜ್ಜಿಯೊಬ್ಬರು, "ಈ ನೀರಲ್ಲಿ ಬೇಳೆ ಬೇಯುದಿಲ್ಲ ತಮಾ" ಅಂದರು. ಹುಡುಗರು ನಕ್ಕು ಕುಡಿದರು. ಅವರಲ್ಲಿ ಬಿಎಸ್ಸಿ ಕೆಮಿಸ್ಟ್ರಿ ಓದುವವರೂ ಇದ್ದರು. ನೀರಿನಲ್ಲಿ ಕ್ಲೋರೈಡ್, ಅಂದರೆ ಉಪ್ಪಿನ ಅಂಶ, ಎಷ್ಟಿದೆ ಅಂತ ಅಳೆಯುವುದು ಡಿಗ್ರಿ ಲ್ಯಾಬಿನಲ್ಲೇ ಆಗುವ ಕೆಲಸ. ನೀರಿಗೆ ಎರಡು ಹನಿ ಪೊಟ್ಯಾಶಿಯಂ ಕ್ರೋಮೇಟ್ ಹಾಕಿದರೆ ಹಳದಿಯಾಗುತ್ತದೆ. ಗೀಟು ಹಾಕಿದ ಗಾಜಿನ ಕೊಳವೆ ಬ್ಯುರೆಟ್‌ನಿಂದ ಸಿಲ್ವರ್ ನೈಟ್ರೇಟ್ ಹನಿಹನಿಯಾಗಿ ಬಿಡುತ್ತಾ ಹೋದರೆ ಒಂದು ಹಂತದಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಎಷ್ಟು ಹನಿ ಇಳಿಯಿತೋ ಅದೇ ಲೆಕ್ಕ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 250 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 1,000ದ ತನಕ ಒಪ್ಪುತ್ತಾರೆ. ನಮ್ಮೂರ ಬಾವಿಗಳದ್ದು ಎಷ್ಟು? ಯಾರೂ ನೋಡಿಲ್ಲ. ಏಪ್ರಿಲ್ ಬಂತೆಂದರೆ ನಾಲಿಗೆಗೆ ಗೊತ್ತಾಗುತ್ತದೆ ಅಷ್ಟೇ.

ನಾನು ಕೇಳುವುದು ಇಷ್ಟೇ. ಕಾಲೇಜು ಒಂದೇ ಊರನ್ನು ಐದು ವರ್ಷ ಹಿಡಿದುಕೊಳ್ಳಲಿ. ಹತ್ತು ಬಾವಿ ಗೊತ್ತು ಮಾಡಿ, ತಿಂಗಳಿಗೊಮ್ಮೆ ಅದೇ ಬಾವಿಗಳ ನೀರು ಪರೀಕ್ಷಿಸಲಿ. ಎನ್ನೆಸ್ಸೆಸ್ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆ ಕೆಲಸ ಮಾಡಬೇಕು ಅಂತ ನಿಯಮವೇ ಇದೆ. ಅದರಲ್ಲಿ ಇದಕ್ಕೆಷ್ಟು ಹೋದೀತು? ಲೆಕ್ಕದ ಒಂದು ಪ್ರತಿ ಗ್ರಾಮ ಪಂಚಾಯತಿ ಗೋಡೆಯ ಮೇಲಿರಲಿ. ಗಜನಿ (ಹಿನ್ನೀರಿನ ಅಂಚಿನ ತಗ್ಗು ಗದ್ದೆ) ಬಂಡಿನ ಬಾಗಿಲು ಸೋರಿ ಸಮುದ್ರದ ಭರತದ ನೀರು ಒಳನುಗ್ಗಿದ್ದಕ್ಕೆ ಉಪ್ಪಾಯಿತೋ, ಪಂಪ್ ಹಚ್ಚಿ ಜಾಸ್ತಿ ಎತ್ತಿದ್ದಕ್ಕೋ, ಆಗ ಒಂದು ಅಂದಾಜಾದರೂ ಸಿಗುತ್ತದೆ. ಟ್ಯಾಂಕರ್ ಕೇಳುವಾಗ, ಬಂಡು ರಿಪೇರಿಗೆ ಅರ್ಜಿ ಹಾಕುವಾಗ ಪಂಚಾಯತಿಯ ಕೈಯಲ್ಲಿ ಅಂಕಿ ಇರುತ್ತದೆ. ನ್ಯಾಕ್ ಫೈಲಿಗೂ ಬೇಕಾದಷ್ಟು ಸಿಗುತ್ತದೆ, ಬೇಡ ಅನ್ನುವವರ್‍ಯಾರು?

ಮೇಷ್ಟ್ರುಗಳಿಗೆ ಮನಸ್ಸಿಲ್ಲ ಅಂತಲ್ಲ. ಎನ್ನೆಸ್ಸೆಸ್ ನೋಡುವವರೇ ಅಡ್ಮಿಷನ್ನೂ ನೋಡಬೇಕು, ಪರೀಕ್ಷೆ ಕೆಲಸವೂ ಅವರದ್ದೇ, ನಡುವೆ ಸರ್ಕಾರದ ಆನ್‌ಲೈನ್ ವ್ಯವಸ್ಥೆ ಯುಯುಸಿಎಂಎಸ್‌ನಲ್ಲಿ ಎಂಟ್ರಿ. ಉಳಿದ ಪಾಠ ಅತಿಥಿ ಉಪನ್ಯಾಸಕರ ಹೆಗಲಿಗೆ. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಗೊತ್ತಿಲ್ಲದವರು ಐದು ವರ್ಷದ ಕೆಲಸಕ್ಕೆ ಹೇಗೆ ಕೈಹಾಕುತ್ತಾರೆ? ಅದಕ್ಕೇ ಈ ಕೆಲಸ ಒಬ್ಬರ ಉತ್ಸಾಹದ ಮೇಲೆ ನಿಲ್ಲಬಾರದು. ರಿಜಿಸ್ಟರ್ ಕಾಲೇಜಿನದ್ದಾಗಲಿ. ಯಾರು ಬಂದರೂ ಮುಂದಿನ ಸಾಲು ತುಂಬಲಿ.

ಕಾಲೇಜು ಅಭಿವೃದ್ಧಿ ಸಮಿತಿಗೆ ಶಾಸಕರೇ ಅಧ್ಯಕ್ಷರು. ಅಲ್ಲಿ ಮಾತೆಲ್ಲ ಕಟ್ಟಡ, ಕಂಪೌಂಡ್, ಹೆಚ್ಚೆಂದರೆ ಶೌಚಾಲಯದ್ದು. ಅದೂ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ದತ್ತು ತೆಗೆದುಕೊಂಡ ಊರಿನಿಂದ ಒಬ್ಬ ಪಂಚಾಯತಿ ಸದಸ್ಯರನ್ನು ಆ ಸಭೆಗೆ ಕರೆಯಲು ಖರ್ಚೇನೂ ಇಲ್ಲ, ಅಲ್ವಾ?

ಮಳೆ ಮುಗಿದ ಕೂಡಲೇ ಮೊದಲ ಸ್ಯಾಂಪಲ್ ತೆಗೆದರೆ, ಮೇ ಹೊತ್ತಿಗೆ ಉಪ್ಪು ಎಷ್ಟೇರಿತು ಅಂತ ಹೋಲಿಸಿ ನೋಡಬಹುದು. ರಜೆ ಬಂತು ಅಂತ ನಿಲ್ಲಿಸಬೇಕಿಲ್ಲ. ಬಾಟಲಿ ತೊಳೆದು ತುಂಬಿಸಿ ಕಾಲೇಜಿಗೆ ಮುಟ್ಟಿಸುವ ಕೆಲಸ ಊರಿನವರು ನಾವೇ ಮಾಡುತ್ತೇವೆ. ಲ್ಯಾಬಿನ ಬೀಗ ತೆಗೆಯಲು ಒಬ್ಬರನ್ನು ಗೊತ್ತು ಮಾಡಿ ಕೊಡಲಿ.

ಇಂತಿ,
ಓರ್ವ ಹಳೆ ವಿದ್ಯಾರ್ಥಿ
ಕುಮಟಾ ತಾಲೂಕು, ಉತ್ತರ ಕನ್ನಡ