ಕೊಡುವ ಮುನ್ನ ಒಮ್ಮೆ ಬಿಡಿಸಿ ನೋಡಿ

ಸಂಪಾದಕರಿಗೆ,

ಮಳೆಗಾಲ ಬಂತು, ಗಂಗಾವಳಿ ನದಿ ದಂಡೆಯವರಿಗೆ ಮತ್ತೆ ದಿಗಿಲು. 2019ರ ಆಗಸ್ಟ್‌ನಲ್ಲಿ ಅಂಕೋಲಾ ಕಡೆ ನೆರೆ ಬಂದಾಗ ಗಂಜಿ ಕೇಂದ್ರವೊಂದರಲ್ಲಿ ಸಂತ್ರಸ್ತರಿಗೆಂದು ಜನ ಕೊಟ್ಟ ಬಟ್ಟೆ ವಿಂಗಡಿಸಲು ಕೂತಿದ್ದೆ. ಮೂಟೆ ಬಿಚ್ಚಿದರೆ ಹರಿದ ಸೀರೆ, ಜಿಪ್ ಹೋದ ಪ್ಯಾಂಟು, ಒಂಟಿ ಚಪ್ಪಲಿ! (ಒಂದು ಉಣ್ಣೆ ಕೋಟೂ ಇತ್ತು. ನಮ್ಮ ಸೆಕೆಗೆ ಯಾರು ಹಾಕಬೇಕು?) ಅಜ್ಜಿಯೊಬ್ಬರು ಸೀರೆ ಬಿಡಿಸಿ ನೋಡಿ, ಸುಮ್ನೆ ಮಡಚಿಟ್ಟರು. ಅವರಿಗೆ ಬೇಕಿದ್ದದ್ದು ಒಣ ಚಾಪೆ, ನೈಟಿ, ಕುಚ್ಚಲಕ್ಕಿ. ಮೀನು ಮಾರುವ ಹೆಂಗಸರು ನಾಲ್ವರು ಬಂದು, ಏನು ಬೇಕೆಂದು ಕೇಳಿ, ಸಂಜೆಯೊಳಗೆ ಅದನ್ನೇ ತಂದರು. ಫೋಟೊಗೂ ನಿಲ್ಲಲಿಲ್ಲ.

ಈ ಸಲ ಕೊಡುವವರು ಮೊದಲು ಒಂದು ಫೋನ್ ಮಾಡಿ ಕೇಳಬಹುದು, ಅಲ್ವಾ? ಬಟ್ಟೆಯೇ ಆದರೆ ಒಗೆದು, ಗುಂಡಿ ಹೊಲಿದು ಕೊಡಿ.

– ಓದುಗ, ಅಂಕೋಲಾ